ಬೇಡ ಬೋದಿಲ್ ಮತ್ತು ಓಟ್ಸ್ ಹುಲ್ಲಿನ ಹೊಗೆ

ನನ್ನ ಮದುವೆಯ ದಿನ ಹುರಿದ ಹಂದಿ ಮಾಂಸ ಮೇಜಿಗೆ ಬಂದ ಕೂಡಲೇ ನನ್ನ ಗಂಡನ ಅಕ್ಕ ಕೈಚೀಲದಿಂದ ಥರ್ಮಾಮೀಟರ್ ತೆಗೆದು ಅದಕ್ಕೆ ಚುಚ್ಚಿದಳು. ಛತ್ರದ ತುಂಬ ಜನ ಗ್ಲಾಸು ಎತ್ತಿ ಹಿಡಿದುಕೊಂಡು ಕಾಯುತ್ತಿದ್ದರು. ಅವಳು ಕನ್ನಡಕ ಸರಿಮಾಡಿಕೊಂಡು ನೋಡಿ, "ಒಳಗಡೆ ಇನ್ನೂ ಬೆಂದಿಲ್ಲ. ವಾಪಸ್ ತಗೊಂಡ್ಹೋಗಿ" ಅಂದಳು. ಅಡುಗೆಯವನು ನನ್ನ ಮುಖ ನೋಡಿದ. ನಾನು ಗಂಡನ ಮುಖ ನೋಡಿದೆ. ಯೋರ್ನ್ ಮಹಾಶಯ ತನ್ನ ತಟ್ಟೆ ನೋಡಿಕೊಂಡು ಕೂತ. ಮಾಂಸ ಮತ್ತೆ ಒಲೆಗೆ ಹೋಯಿತು, ನಾವೆಲ್ಲ ಬರೀ ಆಲೂಗಡ್ಡೆ ತಿನ್ನುತ್ತಾ ಮದುವೆ ಹಾಡು ಹೇಳಿದೆವು.

ಅವಳೇ ಬೋದಿಲ್. ಊರವರ ಬಾಯಲ್ಲಿ ಬೇಡ ಬೋದಿಲ್.

ಈ ಹೆಸರು ಬಂದಿದ್ದು ನನ್ನ ಮದುವೆಗಿಂತ ಮುಂಚೆಯೇ. ಬೋದಿಲ್ ಹುಟ್ಟಿದ್ದು ಊರಾಚೆಯ ಒಂದು ಸಣ್ಣ ತೋಟದ ಮನೆಯಲ್ಲಿ, ನಾಲ್ಕಾರು ಹಸುಗಳ ಮಧ್ಯೆ. ಅವಳ ತಾಯಿ ಬೇಸಗೆಯಲ್ಲಿ ಹಿತ್ತಲಿನ ಹಳೆ ಪೀಪಾಯಿಯಲ್ಲಿ ಚೀಸ್‌ಗೆ ಹೊಗೆ ಹಾಕುತ್ತಿದ್ದಳು. ಡೆನ್ಮಾರ್ಕಿನ ನಮ್ಮ ಫ್ಯೂನ್ ದ್ವೀಪದಲ್ಲಿ ಆಗ ಮನೆಮನೆಯಲ್ಲೂ ಅದೇ. ಕೆಳಗೆ ಓಟ್ಸ್ ಹುಲ್ಲು, ಅದರ ಮೇಲೆ ಹಸಿ ತುರಿಕೆ ಸೊಪ್ಪು, ಅದಕ್ಕೂ ಮೇಲೆ ತಂತಿ ಬಲೆಯ ಮೇಲಿಟ್ಟ ಮೆತ್ತನೆಯ ಬಿಳಿ ಚೀಸ್. ಸ್ವಲ್ಪ ಹೊತ್ತು ಹೊಗೆ ಕುಡಿಸಿ, ಸೀಮೆ ಜೀರಿಗೆ ಉದುರಿಸಿ, ಮೂಲಂಗಿಯ ಜೊತೆ ರೈ ಬ್ರೆಡ್ಡಿನ ಮೇಲೆ ಹಚ್ಚಿದರೆ ಬೇಸಗೆ ಬಂತು ಎಂದು ಲೆಕ್ಕ. ಬೋದಿಲ್‌ಳ ಕೆಲಸ ಕೈಗವಸು ಹಾಕಿಕೊಂಡು ಸೊಪ್ಪು ಕೊಯ್ದು ತರುವುದಷ್ಟೇ. ಬೆಂಕಿಯ ಹತ್ತಿರ ಮಕ್ಕಳು ಸುಳಿಯಬಾರದು ಎಂದು ತಾಯಿ ಗದರಿ ಓಡಿಸುತ್ತಿದ್ದಳಂತೆ.

ಶಾಲೆ ಮುಗಿದ ಮೇಲೆ ಬೋದಿಲ್ ಡೈರಿಯ ಹಾಲಿನ ಲಾರಿಯಲ್ಲಿ ಕೆಲಸಕ್ಕೆ ಸೇರಿದಳು. ಮನೆಮನೆಯ ಹಾಲನ್ನು ಮೂಸಿ, ರುಚಿ ನೋಡಿ, ಸರಿಯಿದ್ದರೆ ಲಾರಿಗೆ, ಇಲ್ಲದಿದ್ದರೆ ಚರಂಡಿಗೆ. ರೈತರು ಬೈದರು, ಬೇಡಿಕೊಂಡರು, ಕ್ರಿಸ್ಮಸ್ಸಿಗೆ ಬಾತುಕೋಳಿ ಕಳಿಸಿದರು. ಅವಳು ಬಾತುಕೋಳಿಯನ್ನೂ ವಾಪಸ್ ಕಳಿಸಿದಳು. ಒಂದು ದಿನ ಸ್ವಂತ ಅಪ್ಪನ ಹಾಲನ್ನೇ ಮೂಸಿ "ಬೇಡ" ಅಂದಳು. ಅಪ್ಪ ಒಂದು ತಿಂಗಳು ಮಾತು ಬಿಟ್ಟ. ಆಮೇಲೆ ಅದೇ ಮನುಷ್ಯ ಊರ ಹೆಂಡದಂಗಡಿಯಲ್ಲಿ ಮೇಜು ಗುದ್ದಿ ಹೇಳಿದನಂತೆ: "ನನ್ ಮಗಳು ಕಣ್ರಯ್ಯಾ! ನನ್ ಹಾಲನ್ನೇ ಬಿಡ್ಲಿಲ್ಲ, ಇನ್ನು ನಿಮ್ಮದು ಯಾವ ಲೆಕ್ಕ?"

ಸಂಜೆ ತರಗತಿಗೆ ಹೋಗಿ ಓದಿ, ಮೆಲ್ಲಗೆ ಮೇಲೆ ಬಂದು, ನಮ್ಮ ಡೈರಿಯಲ್ಲಿ ಯಾವ ಪದಾರ್ಥ ಹೊರಗೆ ಹೋಗಬೇಕಾದರೂ ಅವಳ ಸಹಿ ಬೇಕು ಎನ್ನುವಲ್ಲಿಗೆ ಮುಟ್ಟಿದಳು. ನಾನು ಅಲ್ಲೇ ಹೊಗೆ ಚೀಸ್ ವಿಭಾಗದಲ್ಲಿ ಡಬ್ಬಿಗೆ ಮುಚ್ಚಳ ಒತ್ತುವವಳು. ಹಾಗಾಗಿ ಮನೆಯಲ್ಲೂ ಬೋದಿಲ್, ಕೆಲಸದಲ್ಲೂ ಬೋದಿಲ್. ನನ್ನ ಕಷ್ಟ ನನಗೇ ಗೊತ್ತು.

ಯುರೋಪಿಗೆಲ್ಲ ಕಾನೂನು ಮಾಡುವ ಬ್ರಸೆಲ್ಸ್ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಒಂದು ವರ್ಷ ಬಾಟಲಿಯ ಮುಚ್ಚಳ ಬಾಟಲಿಗೇ ಅಂಟಿಕೊಂಡಿರಬೇಕು ಎಂದರು. ಇನ್ನೊಂದು ವರ್ಷ ಪ್ಯಾಕಿಂಗಿಗೆ ಹೊಸ ಕಾನೂನು ಬಂತು. ದೊಡ್ಡ ಅಂಗಡಿಗಳು ತಮ್ಮ ಪರಿಸರದ ವರದಿಗೆಂದು ನಮ್ಮ ಹಸು ತೇಗಿದ ಲೆಕ್ಕವನ್ನೂ ಕೇಳತೊಡಗಿದವು. ನಾವೆಲ್ಲ ತಲೆ ಚಚ್ಚಿಕೊಳ್ಳುತ್ತಿದ್ದರೆ ಬೋದಿಲ್ ಭಾನುವಾರ ಬೆಳಿಗ್ಗೆ ಕಾಫಿ ಇಟ್ಟುಕೊಂಡು ಹೊಸ ಕಾನೂನನ್ನು ಕಾದಂಬರಿಯ ಹಾಗೆ ಓದುತ್ತಿದ್ದಳು. ನಡುನಡುವೆ ನಗುತ್ತಿದ್ದಳು ಕೂಡ. ಏನು ನಗು ಬರುತ್ತದೋ ಅದರಲ್ಲಿ, ಇವತ್ತಿಗೂ ನನಗೆ ಗೊತ್ತಿಲ್ಲ.

ಹಾಗಿರುವಾಗ ಹೊಗೆಯ ವಿಷಯ ಬಂತು. ಹೊಗೆ ಚೀಸ್ ಎಂದು ಹೆಸರೇ ಹೊರತು ನಮ್ಮ ಡೈರಿಯಲ್ಲಿ ಹೊಗೆ ಕಂಡವರು ಯಾರೂ ಇರಲಿಲ್ಲ. ಎಷ್ಟೋ ವರ್ಷಗಳಿಂದ ಕಂದು ಬಣ್ಣದ ಒಂದು ದ್ರಾವಣ ಕ್ಯಾನಿನಲ್ಲಿ ಬರುತ್ತಿತ್ತು. ಅದನ್ನು ಸಿಂಪಡಿಸಿದರೆ ಹೊಗೆಯ ವಾಸನೆ, ಹೊಗೆಯ ಬಣ್ಣ, ಎಲ್ಲ ಬಂದುಬಿಡುತ್ತಿತ್ತು. ಇಂಥ ಹೊಗೆ ದ್ರಾವಣಗಳು ದೇಹಕ್ಕೆ ನಿರಪಾಯ ಎಂದು ಹೇಳಲಾಗದು ಅಂತ ವಿಜ್ಞಾನಿಗಳು ಅಂದರು, ಬ್ರಸೆಲ್ಸ್‌ನವರು ಪರವಾನಗಿ ಮುಂದುವರಿಸಲಿಲ್ಲ. ಚೀಸ್, ಮೀನು, ಮಾಂಸದವರಿಗೆ ಮಾತ್ರ ಬದಲಾಯಿಸಿಕೊಳ್ಳಲು ಐದು ವರ್ಷ ಕೊಟ್ಟರು.

ನಮ್ಮ ಡೈರಿಯ ಮಾಲೀಕ ಆಸ್ಗೆರ್‌ಗೆ ಆ ಐದು ವರ್ಷ ಕೇಳಿ ಖುಷಿಯೋ ಖುಷಿ. ಊಟದ ಕೋಣೆಯಲ್ಲಿ ಎಲ್ಲರೆದುರು ಕಾಲು ಚಾಚಿ ಕೂತ.

"ಐದು ವರ್ಷ ಇದೆ. ಅಷ್ಟೊತ್ತಿಗೆ ನಾನು ಡೈರಿ ಬಿಟ್ಟು ಸ್ಪೇನ್‌ನಲ್ಲಿ ಬಿಸಿಲು ಕಾಯ್ತಿರ್ತೀನಿ. ಯಾರಿಗೆ ಬೇಕು ಈಗ್ಲೇ ತಲೆನೋವು?"

"ಬೇಡ" ಅಂದಳು ಬೋದಿಲ್, ಬ್ರೆಡ್ಡಿನಿಂದ ಮುಖ ಎತ್ತದೆ.

"ಏನು ಬೇಡ?"

"ದ್ರಾವಣ. ಒಳ್ಳೇದಲ್ಲ ಅಂತ ಗೊತ್ತಾದ್ಮೇಲೆ ಇನ್ನೂ ಐದು ವರ್ಷ ಜನಕ್ಕೆ ತಿನ್ನಿಸ್ಬೇಕಾ? ನಾನು ಸಹಿ ಹಾಕಲ್ಲ."

ಅವಳು ಹಟ ಹಿಡಿದರೆ ಜಪ್ಪಯ್ಯ ಅಂದರೂ ಜಗ್ಗುವವಳಲ್ಲ. ಅದೇ ಸಮಯಕ್ಕೆ ನಮ್ಮ ಚೀಸ್ ಕೊಳ್ಳುವ ದೊಡ್ಡ ಅಂಗಡಿಯವರೂ ಒಂದು ಮಾತು ಹೇಳಿ ಕಳಿಸಿದರು: ಸುಗ್ಗಿಯ ಹೊತ್ತಿಗೆ ನಿಜವಾದ ಹುಲ್ಲಿನ ಹೊಗೆ ಹಾಕಿದ ಚೀಸ್ ಕೊಟ್ಟರೆ ನಮ್ಮ ಕಪಾಟಿನ ಜಾಗ ನಿಮ್ಮದು, ಇಲ್ಲದಿದ್ದರೆ ಬೇರೆಯವರದು. ಆಸ್ಗೆರ್ ಬಾಯಲ್ಲೇ ಲೆಕ್ಕ ಹಾಕಿದ. "ಸರಿ, ಹೊಗೆ ಹಾಕೋಣ. ಆದರೆ ಸುಗ್ಗಿಗೆ ಆಗ್ಲಿಲ್ಲ ಅಂದ್ರೆ ಈ ವಿಭಾಗಾನೇ ಮುಚ್ತೀನಿ. ಹಾಲನ್ನ ಹಾಗೇ ಮಾರ್ಕೊಂಡು ಹಾಯಾಗಿರ್ತೀನಿ."

ಆ ವಿಭಾಗ ಎಂದರೆ ನಾನು, ಬಾಯ್ಲರ್ ನೋಡುವ ಕಾರ್ಸ್ಟೆನ್, ಮತ್ತೆ ಒಂಬತ್ತು ಜನ. ನಮ್ಮೂರಲ್ಲಿ ಬೇರೆ ಕೆಲಸ ಎಲ್ಲಿದೆ? ಶಾಲೆ ಮುಚ್ಚಿ ಆಯಿತು, ಬ್ಯಾಂಕು ಹೋಯಿತು, ಬಸ್ಸು ದಿನಕ್ಕೆ ನಾಲ್ಕೇ ಸಲ. ನನಗೆ ಐವತ್ತೆಂಟು ವಯಸ್ಸು. ಮುಚ್ಚಳ ಒತ್ತುವುದು ಬಿಟ್ಟು ಬೇರೇನೂ ಗೊತ್ತಿಲ್ಲ.

ವಸಂತವೆಲ್ಲ ಡೈರಿಯ ಹಿಂದೆ ಹೊಸ ಹೊಗೆಮನೆ ಕಟ್ಟುವುದರಲ್ಲಿ ಹೋಯಿತು. ಪೀಪಾಯಿಗಳು ಬಂದವು, ಚಿಮಣಿ ಬಂತು. ಔಷಧಿ ಸಿಂಪಡಿಸದ ಹೊಲದಿಂದಲೇ ಓಟ್ಸ್ ಹುಲ್ಲು ಬರಬೇಕು ಎಂದು ಬೋದಿಲ್ ಮೂವರು ರೈತರನ್ನು ವಾಪಸ್ ಕಳಿಸಿ ನಾಲ್ಕನೆಯವನನ್ನು ಒಪ್ಪಿದಳು. ಕೆಲಸ ಹೇಗೆ ಮಾಡಬೇಕೆಂಬುದನ್ನು ತಾನೇ ಬರೆದು ಗೋಡೆಗೆ ಹಾಕಿದಳು. ಅದರಲ್ಲಿ ಮೊದಲನೆಯದೇ: ಬೆಂಕಿಯನ್ನು ಮೇಲಿನಿಂದ ಹಚ್ಚತಕ್ಕದ್ದು. ಯಾರೂ ಹುಬ್ಬೇರಿಸಲಿಲ್ಲ. ಹೊಗೆ ಕಡಿಮೆಯಾಗುತ್ತದೆ, ಮಸಿ ಕಡಿಮೆಯಾಗುತ್ತದೆ ಎಂದು ಮನೆ ಬೆಚ್ಚಗಿಡುವ ಕಟ್ಟಿಗೆ ಒಲೆಯನ್ನು ಮೇಲಿನಿಂದಲೇ ಹಚ್ಚಬೇಕೆಂದು ಸರ್ಕಾರ ನಮಗೆಲ್ಲ ವರ್ಷಗಟ್ಟಲೆ ಹೇಳಿಕೊಟ್ಟಿದೆ. ಕೆಳಗಿನಿಂದ ಒಲೆ ಹಚ್ಚುವವರನ್ನು ಕಂಡರೆ ಪಕ್ಕದ ಮನೆಯವರು ಬಾಗಿಲು ಬಡಿಯುತ್ತಾರೆ. ನಮ್ಮ ಕೈಗೆ ಅದೇ ರೂಢಿ.

ಮೊದಲ ಚೀಸ್ ಬಂತು. ಬಣ್ಣ ಚೆನ್ನಾಗಿತ್ತು, ಆದರೆ ಮೇಲೆಲ್ಲ ಕಪ್ಪು ಚುಕ್ಕೆ. "ಹಳ್ಳಿ ಚೀಸ್ ಅಂದ್ರೆ ಹೀಗೇ ಇರ್ಬೇಕು" ಎಂದು ಆಸ್ಗೆರ್ ಬೀಗಿದ. ಬೋದಿಲ್ ತುಂಡೊಂದನ್ನು ಓಡೆನ್ಸೆಯ ಪ್ರಯೋಗಾಲಯಕ್ಕೆ ಕಳಿಸಿದಳು. ಹೊಗೆಯ ಮಸಿಯಲ್ಲಿ ಕೆಟ್ಟ ಪದಾರ್ಥಗಳಿರುತ್ತವೆ. ಹೊಗೆ ಹಾಕಿದ ಮೀನಿಗೆ, ಮಾಂಸಕ್ಕೆ ಅವು ಇಷ್ಟೇ ಇರಬೇಕೆಂದು ಕಾನೂನು ಇದೆ. ನಮ್ಮ ಚೀಸ್‌ಗೆ ಅಂಥ ಮಿತಿ ಇಲ್ಲ. ಬೋದಿಲ್ ಮೀನಿನ ಮಿತಿಯನ್ನೇ ತನ್ನ ಚೀಸ್‌ಗೂ ಹಾಕಿಕೊಂಡಿದ್ದಳು, ಯಾರೂ ಕೇಳದಿದ್ದರೂ.

ನಡುಬೇಸಗೆಯಲ್ಲಿ ಊರೆಲ್ಲ ಸೇರಿ ಬೆಂಕಿ ಹಾಕುವ ಸಾಂಕ್ತ್ ಹಾನ್ಸ್ ಹಬ್ಬದ ಹಿಂದಿನ ದಿನ ಫಲಿತಾಂಶ ಬಂತು. ಮೀನಿನ ಮಿತಿಗಿಂತ ಮೇಲೆ.

"ಬೇಡ" ಅಂದಳು ಬೋದಿಲ್.

ಆಸ್ಗೆರ್‌ನ ಕತ್ತು ಕೆಂಪಾಯಿತು. "ಚೀಸ್‌ಗೆ ಕಾನೂನೇ ಇಲ್ಲ ಬೋದಿಲ್! ಇಲ್ಲದೇ ಇರೋ ಕಾನೂನನ್ನ ಎಲ್ಲಿಂದ ಹುಟ್ಟಿಸ್ಕೊಂಡು ಬಂದೆ?"

"ಮೀನು ತಿನ್ನೋ ಹೊಟ್ಟೆ ಬೇರೆ, ಚೀಸ್ ತಿನ್ನೋ ಹೊಟ್ಟೆ ಬೇರೆನಾ ಆಸ್ಗೆರ್?"

"ನೀನು ಬ್ರಸೆಲ್ಸ್‌ಗಿಂತ ದೊಡ್ಡವಳಾ?"

"ಅಲ್ಲ. ಆದ್ರೆ ಈ ಡಬ್ಬಿ ಮೇಲೆ ಬ್ರಸೆಲ್ಸ್ ಸಹಿ ಹಾಕಲ್ಲ. ನಾನು ಹಾಕೋದು."

ಆಸ್ಗೆರ್ ಬಾಗಿಲು ಬಡಿದುಕೊಂಡು ಹೋದ. ಹೋಗುವಾಗ ನಮಗೆಲ್ಲ ಕೇಳುವಂತೆ, "ಇನ್ನೊಂದು ಸಲ ಹೀಗಾದ್ರೆ ಮುಚ್ಚೋದೇ, ಸುಗ್ಗಿವರೆಗೂ ಕಾಯಲ್ಲ" ಅಂದ.

ನಾನು ಆ ಸಂಜೆ ಬೋದಿಲ್‌ಳನ್ನು ನಮ್ಮ ಅಡುಗೆಮನೆಗೇ ಕರೆಸಿ ಜಗಳ ತೆಗೆದೆ. ಅದಕ್ಕೆ ನಾನು ಇವತ್ತಿಗೂ ನಾಚಿಕೆಪಟ್ಟಿಲ್ಲ, ಹೊಟ್ಟೆಪಾಡಿನ ಮಾತು.

"ನಿನಗೇನು, ಇನ್ನೆರಡು ವರ್ಷಕ್ಕೆ ಪಿಂಚಣಿ ಬರತ್ತೆ. ನಮ್ಮ ಗತಿ ಏನು? ಕಾರ್ಸ್ಟೆನ್ ಮನೆ ಸಾಲ ಯಾರು ಕಟ್ತಾರೆ?"

"ವಿಬೆಕೆ, ನೀನು ಆ ಚೀಸ್‌ನ ನಿನ್ನ ಮೊಮ್ಮಗಳಿಗೆ ಕೊಡ್ತೀಯಾ?"

"ನಮ್ಮಮ್ಮಂದಿರು ಕೊಡ್ಲಿಲ್ವಾ? ನಾವೇನು ಸತ್ತ್ಹೋದ್ವಾ? ನಿಮ್ಮಮ್ಮನೂ ಹಾಕ್ತಿದ್ಲಲ್ಲ ಹೊಗೆ!"

ಅವಳು ಕಾಫಿಯನ್ನೂ ಮುಟ್ಟದೆ ಎದ್ದಳು. ಯೋರ್ನ್ ಎಂದಿನ ಹಾಗೆ ತನ್ನ ತಟ್ಟೆ ನೋಡುತ್ತಿದ್ದ. ಬಾಗಿಲಲ್ಲಿ ಬೂಟು ಹಾಕಿಕೊಳ್ಳುವಾಗ ಮಾತ್ರ ಬೋದಿಲ್ ಹೇಳಿದಳು: "ಅದೇ ನನಗೂ ಅರ್ಥ ಆಗ್ತಿಲ್ಲ. ಅಮ್ಮನ ಚೀಸ್ ಮೇಲೆ ಒಂದು ಚುಕ್ಕೆ ಕೂಡ ಇರ್ತಿರ್ಲಿಲ್ಲ."

ಮರುದಿನ ಹಬ್ಬ. ಸಮುದ್ರದ ದಂಡೆಯಲ್ಲಿ ಊರವರ ಕಟ್ಟಿಗೆಯ ರಾಶಿ ಸಿದ್ಧವಾಗಿತ್ತು. ಬೆಳಿಗ್ಗೆ ಬೋದಿಲ್ ಬಂದು, ಒಳಗೆ ಮುಳ್ಳಿಲಿಗಳು ಗೂಡು ಮಾಡಿರಬಹುದು, ಇಡೀ ರಾಶಿ ಕಿತ್ತು ಮತ್ತೆ ಪೇರಿಸಿ ಎಂದು ಹುಡುಗರಿಂದ ಪೇರಿಸಿಯೇ ಹೋಗಿದ್ದಳು. ಮೇಲೆ ಹೊಸದಾಗಿ ಕತ್ತರಿಸಿದ ಬೇಲಿಯ ಹಸಿ ರೆಂಬೆಗಳನ್ನು ಎಸೆದಿದ್ದರು. ಅದರ ತುದಿಯಲ್ಲಿ, ಪ್ರತಿವರ್ಷದಂತೆ, ಸುಡಲೆಂದು ಹುಲ್ಲು ತುಂಬಿ ಮಾಡಿದ ಮಾಟಗಾತಿಯ ಗೊಂಬೆ.

ಸಂಜೆ ಹೋಗಿ ನೋಡಿದರೆ ಮಾಟಗಾತಿಗೆ ನಮ್ಮ ಡೈರಿಯ ಬಿಳಿ ಕೋಟು ತೊಡಿಸಿದ್ದರು. ತಲೆಗೆ ಕೂದಲು ಬಲೆ, ಮೂಗಿನ ಮೇಲೆ ತಂತಿ ಕನ್ನಡಕ. ಕೈಯಲ್ಲಿ ರಟ್ಟಿನ ಫಲಕ, ಅದರ ಮೇಲೆ ದಪ್ಪ ಅಕ್ಷರದಲ್ಲಿ "ಬೇಡ". ಯಾರ ಕೆಲಸ ಎಂದು ಕೇಳಬೇಕಿರಲಿಲ್ಲ. ಕಾರ್ಸ್ಟೆನ್ ಬಿಯರ್ ಹಿಡಿದು ಹಲ್ಲು ಕಿರಿಯುತ್ತಾ ನಿಂತಿದ್ದ. ಜನ ನಕ್ಕರು. ಆಸ್ಗೆರ್ ಎಲ್ಲರಿಗಿಂತ ಜೋರಾಗಿ ನಕ್ಕ. ಸಿಟ್ಟಿನಲ್ಲಿದ್ದ ನನಗೂ ಅದು ಸರಿ ಅನ್ನಿಸಲಿಲ್ಲ. ಜಗಳ ನಮ್ಮನೆಯದು, ಸುಡಲು ಇವನು ಯಾರು?

ಆಗ ಬೋದಿಲ್ ಬಂದಳು. ನಗು ಒಂದೊಂದೇ ಕಡೆ ನಿಂತಿತು. ಅವಳು ತಲೆಯೆತ್ತಿ ಮಾಟಗಾತಿಯನ್ನು ನೋಡಿದಳು, ಬಹಳ ಹೊತ್ತು, ಚೀಸ್ ಪರೀಕ್ಷೆ ಮಾಡುವ ಹಾಗೆ.

"ಕಾರ್ಸ್ಟೆನ್, ಏಣಿ ತಾ."

"ಅಯ್ಯೋ ಬೋದಿಲ್, ತಮಾಷೆಗೆ ಮಾಡಿದ್ದು..."

"ಏಣಿ."

ಅರವತ್ತು ದಾಟಿದ ಹೆಂಗಸು ಎಲ್ಲರೆದುರು ಏಣಿ ಹತ್ತಿ ಮಾಟಗಾತಿಯ ಕೋಟು ಬಿಚ್ಚಿದಳು. ಕಾಲರಿನ ಒಳಗಿನ ಚೀಟಿ ಓದಿದಳು. "ಅರ್ಧಕ್ಕರ್ಧ ಪಾಲಿಯೆಸ್ಟರ್. ಹಬ್ಬದ ಬೆಂಕೀಲಿ ಪ್ಲಾಸ್ಟಿಕ್ ಸುಡೋ ಹಾಗಿಲ್ಲ." ಕೂದಲು ಬಲೆಯನ್ನೂ ಕಿತ್ತಳು. "ಇದು ನೈಲಾನು." ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡಳು. ಆಮೇಲೆ ತನ್ನ ಕುತ್ತಿಗೆಗೆ ಸುತ್ತಿದ್ದ ಹಳೆ ಹತ್ತಿಯ ವಸ್ತ್ರ ಬಿಚ್ಚಿ ಬತ್ತಲೆ ನಿಂತಿದ್ದ ಮಾಟಗಾತಿಗೆ ಸುತ್ತಿ ಗಂಟು ಹಾಕಿದಳು. "ಇದು ಹತ್ತಿ. ರಟ್ಟೂ ಪರವಾಗಿಲ್ಲ, ಅದು ಇರ್ಲಿ. ಈಗ ಹಚ್ಚು."

ನನ್ನ ಎದೆ ಉಬ್ಬಿತು. ನಮ್ಮನೆ ಹೆಂಗಸು ಕಣ್ರೀ, ಅವಳು.

ಕಾರ್ಸ್ಟೆನ್ ಮುಖ ಸಪ್ಪೆ ಮಾಡಿಕೊಂಡು ರಾಶಿಯ ಬುಡಕ್ಕೆ ಬೆಂಕಿ ಇಟ್ಟ. ಅಷ್ಟೆತ್ತರದ ರಾಶಿಯನ್ನು ಮೇಲಿನಿಂದ ಹಚ್ಚಲು ಯಾರಿಗೂ ಆಗುವುದಿಲ್ಲ, ಹಬ್ಬದ ಬೆಂಕಿ ಯಾವಾಗಲೂ ಬುಡದಿಂದಲೇ. ನಾವು ಕೈ ಕೈ ಹಿಡಿದು ಹಾಡು ಶುರು ಮಾಡಿದೆವು. ಕೆಳಗೆ ಒಣ ಕಟ್ಟಿಗೆ ಚಟಪಟ ಎಂದಿತು. ಮೇಲಿನ ಹಸಿ ರೆಂಬೆಗಳು ಮಾತ್ರ ಹತ್ತಿಕೊಳ್ಳಲಿಲ್ಲ. ಅವುಗಳ ಸಂದಿಯಿಂದ ಬೆಳ್ಳನೆಯ ದಟ್ಟ ಹೊಗೆ ಎದ್ದು ನಮ್ಮ ಮೇಲೇ ಬಂತು. ಕೆಮ್ಮುತ್ತಾ ಎಲ್ಲರೂ ಹಿಂದೆ ಸರಿದರು.

ಬೋದಿಲ್ ಸರಿಯಲಿಲ್ಲ. ಬಿಚ್ಚಿ ತಂದ ಬಿಳಿ ಕೋಟನ್ನು ಎರಡೂ ಕೈಯಲ್ಲಿ ಅಗಲ ಮಾಡಿ ಆ ಹೊಗೆಗೆ ಅಡ್ಡ ಹಿಡಿದು ನಿಂತಳು. ಹೊಗೆ ದಾಟಿ ಹೋದ ಮೇಲೆ ಕೋಟನ್ನು ಕಣ್ಣ ಹತ್ತಿರ ತಂದು ನೋಡಿದಳು.

"ವಿಬೆಕೆ, ಬಾ ಇಲ್ಲಿ. ನೋಡು, ಮಸಿ ಇದೆಯಾ?"

"ಇಲ್ಲ. ಏನಾಯ್ತು ನಿನಗೆ?"

"ಅಮ್ಮನ ಏಪ್ರನ್ನೂ ಹೀಗೇ ಬೆಳ್ಳಗಿರ್ತಿತ್ತು." ಅವಳು ಕೋಟನ್ನು ನನ್ನ ಕೈಗೆ ತುರುಕಿದಳು. "ನಾವು ಮೇಲಿಂದ ಹಚ್ತಿದೀವಿ. ಮೇಲಿಂದ ಹಚ್ಚಿದ್ರೆ ಮೊದ್ಲು ಸೊಪ್ಪೇ ಒಣಗಿ ಉರಿದುಹೋಗತ್ತೆ, ಆಮೇಲೆ ಹುಲ್ಲಿನ ಜ್ವಾಲೆ ಮಸಿ ಸಮೇತ ಚೀಸ್‌ಗೆ ತಾಗತ್ತೆ. ಸೊಪ್ಪು ಇರೋದು ಉರಿಯೋಕಲ್ಲ, ಉರಿ ಅದುಮೋಕೆ! ಹುಲ್ಲು ಕೆಳಗಿಂದ ಹತ್ಕೋಬೇಕು, ಹಸಿ ಸೊಪ್ಪು ಜ್ವಾಲೆ ನುಂಗ್ಬೇಕು, ಬರೀ ಹೊಗೆ ಚೀಸ್‌ಗೆ ಹೋಗ್ಬೇಕು. ತಪ್ಪು ನನ್ನದೇ. ಗೋಡೆ ಮೇಲೆ ಬರೆದವಳೇ ನಾನು."

ಮರುದಿನ ಬೆಳಿಗ್ಗೆ ಅವಳು ಎಲ್ಲರನ್ನೂ ಹೊಗೆಮನೆಗೆ ಕರೆದಳು, ಆಸ್ಗೆರ್‌ನನ್ನೂ ಸೇರಿಸಿ. ಗೋಡೆಯ ಮೇಲಿನ ತನ್ನದೇ ಮೊದಲ ನಿಯಮದ ಮೇಲೆ ಕೆಂಪು ಗೆರೆ ಎಳೆದಳು. "ಇದು ಬೇಡ" ಅಂದಳು. ಅಷ್ಟು ವರ್ಷ ನಮಗೆಲ್ಲ ಹೇಳಿದ ಅದೇ ದನಿಯಲ್ಲಿ, ಒಂದು ಚೂರು ಮೆತ್ತಗೆ ಮಾಡದೆ, ತನಗೇ ಹೇಳಿಕೊಂಡಳು. ಕಾರ್ಸ್ಟೆನ್ ಆಗ ತಲೆ ತಗ್ಗಿಸಿದವನು ಮತ್ತೆ ಎತ್ತಿದ್ದು ಬೆಂಕಿ ಹಚ್ಚುವಾಗಲೇ.

ಹುಲ್ಲಿನ ಬುಡಕ್ಕೆ ಬೆಂಕಿ ತಾಗಿತು. ತುರಿಕೆ ಸೊಪ್ಪು ಸುಯ್ಯೆಂದು ಬಾಡಿತು. ಬಿಳಿ ಹೊಗೆ ಬಂತು. ಚೀಸ್ ಹೊರಗೆ ತೆಗೆದಾಗ ಬಂಗಾರದ ಬಣ್ಣ, ಬಲೆಯ ಗೆರೆಗಳು ಬಿಟ್ಟರೆ ಒಂದೂ ಚುಕ್ಕೆ ಇಲ್ಲ. ಬೋದಿಲ್ ಒಂದು ತುಂಡು ಬಾಯಿಗೆ ಹಾಕಿಕೊಂಡು ಗೋಡೆ ಕಡೆ ತಿರುಗಿ ನಿಂತಳು.

ಪ್ರಯೋಗಾಲಯದ ಉತ್ತರ ಬರುವವರೆಗೆ ಆ ವಾರ ನಾನು ನಿದ್ದೆ ಮಾಡಿದ್ದು ಅಷ್ಟಕ್ಕಷ್ಟೇ. ಅಂಕಿಗಳು ನನಗೆ ಅರ್ಥವಾಗುವುದಿಲ್ಲ. ಬಾಗಿಲಲ್ಲಿ ನಿಂತು ಬೋದಿಲ್‌ಳ ಮುಖ ನೋಡುತ್ತಿದ್ದೆ. ಅವಳು ಮೇಲಿಂದ ಕೆಳಗೆ ಓದಿದಳು, ಮತ್ತೆ ಓದಿದಳು.

ಆಸ್ಗೆರ್ ತಾಳ್ಮೆಗೆಟ್ಟು, "ಹೇಳೇ ಮಾರಾಯ್ತಿ!" ಅಂದ.

"ಮೀನಿನ ಮಿತಿಗಿಂತ ಬಹಳ ಕೆಳಗಿದೆ" ಅಂದಳು. ಆಮೇಲೆ ಪೆನ್ನು ತೆಗೆದು ಸಹಿ ಹಾಕಿ, "ಹೂಂ. ಅಂಗಡಿಗೆ ಹೋಗ್ಲಿ" ಅಂದಳು.

ಆ ಒಂದು ಹೂಂ ಕೇಳಿ ಕಾರ್ಸ್ಟೆನ್ ನನ್ನನ್ನು ಎತ್ತಿ ತಿರುಗಿಸಿಬಿಟ್ಟ. ನಾನು ಅತ್ತೆ, ನಕ್ಕೆ, ಅವನಿಗೆ ಬೈದೆ. ಚೀಸ್ ಕಪಾಟಿಗೆ ಹೋಯಿತು, ಖರ್ಚೂ ಆಯಿತು. ನಮ್ಮ ವಿಭಾಗದ ದೀಪ ಆರಲಿಲ್ಲ. ಚಳಿಗಾಲಕ್ಕೆಂದು ಸೊಪ್ಪನ್ನು ಹಸಿಯಾಗಿಯೇ ಫ್ರೀಜರಿನಲ್ಲಿ ಇಡುತ್ತೇವೆ. ಆಸ್ಗೆರ್ ಈಗ ಬಂದವರಿಗೆಲ್ಲ ಹೊಗೆಮನೆ ತೋರಿಸುತ್ತಾ, "ಕಾನೂನು ಕೇಳೋಕ್ಕಿಂತ ಮುಂಚೇನೇ ಮಾಡಿದ್ವಿ, ಕೇಳದೇ ಇರೋದನ್ನೂ ಮಾಡಿದ್ವಿ" ಎನ್ನುತ್ತಾನೆ. ಮಾಡಿದ್ವಿ ಅಂತೆ! ನಾನು ಮುಚ್ಚಳ ಒತ್ತುತ್ತಾ ಕೇಳಿಸಿಕೊಳ್ಳುತ್ತೇನೆ. ಸ್ಪೇನಿನ ಮಾತು ಅವನು ಎತ್ತುವುದಿಲ್ಲ.

ಈ ವರ್ಷದ ಹಬ್ಬಕ್ಕೆ ಊರ ಸಮಿತಿಯವರು ಬೋದಿಲ್‌ಳ ಮನೆಗೆ ಹೋದರು. ಬೆಂಕಿ ಹಚ್ಚುವ ಮುಂಚೆ ಭಾಷಣ ಮಾಡುವ ಮರ್ಯಾದೆ ನಮ್ಮಲ್ಲಿ ಪಾದ್ರಿಗೋ, ಮೇಯರ್‌ಗೋ, ಟೀವಿಯಲ್ಲಿ ಬಂದವರಿಗೋ ಸಲ್ಲುವಂಥದ್ದು. ಈ ಸಲ ಅವಳು ಮಾಡಬೇಕು ಎಂದು ಕೇಳಿದರು. "ಬೇಡ" ಅಂದಳಂತೆ, ಬೇರೇನು ಹೇಳುತ್ತಾಳೆ? ಆಮೇಲೆ ಕಾರ್ಸ್ಟೆನ್ ಒಬ್ಬನೇ ಹೋಗಿ ಬಾಗಿಲು ತಟ್ಟಿದ. ಒಳಗೆ ಏನು ಮಾತಾಡಿದರೋ ಇಬ್ಬರೂ ಬಾಯಿ ಬಿಟ್ಟಿಲ್ಲ. ಅವಳು ಒಪ್ಪಿದಳು.

ಹಬ್ಬದ ಸಂಜೆ ಊರಿಗೆ ಊರೇ ದಂಡೆಯಲ್ಲಿತ್ತು. ಅವಳು ಒಳ್ಳೆಯ ಹಾಲಿಗೆಂದು ಅಪ್ಪನಿಗೆ ಸಿಕ್ಕಿದ್ದ ಬೆಳ್ಳಿಯ ಪದಕ ಕುತ್ತಿಗೆಗೆ ಹಾಕಿಕೊಂಡು ಹಾಲಿನ ಕ್ರೇಟಿನ ಮೇಲೆ ಹತ್ತಿ ನಿಂತಳು. ಭಾಷಣಕ್ಕೆಂದು ಎಲ್ಲರೂ ಕುರ್ಚಿ, ಕಂಬಳಿ, ಫ್ಲಾಸ್ಕು ತಂದು ಗಟ್ಟಿಯಾಗಿ ಕೂತಿದ್ದರು. ನನ್ನ ಪಕ್ಕದಲ್ಲಿ ಯೋರ್ನ್, ಹುಟ್ಟಿದಾಗಿನಿಂದ ತಟ್ಟೆ ನೋಡಿದ ಮನುಷ್ಯ, ಅಕ್ಕನನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದ.

ಬೋದಿಲ್ ರಾಶಿಯ ಕಡೆ ತಿರುಗಿದಳು, ನಮ್ಮ ಕಡೆ ತಿರುಗಿದಳು.

"ಮುಳ್ಳಿಲಿ ಇಲ್ಲ, ನೋಡಿದೀನಿ" ಅಂದಳು. "ಮಾಟಗಾತಿ ಬಟ್ಟೆ ಹತ್ತಿ, ಅದನ್ನೂ ನೋಡಿದೀನಿ. ಹಸಿ ರೆಂಬೆ ಮೇಲಿದೆ. ಕಾರ್ಸ್ಟೆನ್, ಕೆಳಗಿಂದ ಹಚ್ಚು."

ಅಷ್ಟೇ ಹೇಳಿ ಕ್ರೇಟಿನಿಂದ ಇಳಿದಳು. ಕಂಬಳಿ ಹೊದ್ದು ಕೂತಿದ್ದವರೆಲ್ಲ, ಬೆಂಕಿಯ ಕಡೆಗಲ್ಲ, ಅವಳ ಕಡೆ ತಿರುಗಿ ಎದ್ದು ನಿಂತರು.